ಕತ್ತು ಕೆರೆಯುವ ಲೇಬಲ್

೧೯೬೩ನೇ ಇಸವಿಯಲ್ಲಿ ನಾನು ಯಶವಂತಪುರದ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಟೈಲರ್ ಅಂಗಡಿಯಲ್ಲಿ ಅಳತೆಗಾರನಾಗಿದ್ದೆ. ಅಳತೆಗಾರ ಎಂಬ ಹುದ್ದೆ ಇರಲಿಲ್ಲ. ಟೇಪು ಸದಾ ನನ್ನ ಕೊರಳಲ್ಲಿ ಇರುತ್ತಿದ್ದುದರಿಂದ ಹುದ್ದೆಯನ್ನು ನಾನೇ ಸೃಷ್ಟಿಸಿ, ನಾನೇ ಅರ್ಜಿ ಹಾಕಿ, ನಾನೇ ನೇಮಕಗೊಂಡೆ. ಆಗ ನನಗೆ ಹದಿನೇಳು, ಈಗ ಹತ್ತೊಂಬತ್ತು. ವೃತ್ತಿಜೀವನದ ನೆನಪು ಬರೆಯಲು ಇದು ಸಾಲದು ಎನ್ನುವವರು ನಮ್ಮ ಅಂಗಡಿಯಲ್ಲಿ ಒಂದು ದೀಪಾವಳಿ ಕಳೆದು ನೋಡಲಿ, ತಲೆ ತಾನೇ ನರೆಯುತ್ತದೆ.

ಅಂಗಡಿ ಎಷ್ಟು ಕಿರಿದೆಂದರೆ ಗಿರಾಕಿ ಎದೆಯ ಅಳತೆಗೆ ಉಸಿರು ಎಳೆದುಕೊಂಡಾಗ ನಾನು ರಸ್ತೆಗೆ ಇಳಿಯಬೇಕಾಗುತ್ತಿತ್ತು. ಒಳಗೆ ಎರಡು ಮೆಷಿನ್. ಒಂದರ ಮುಂದೆ ಮಾಲೀಕರಾದ ಮುನಿಯಪ್ಪ ಮಾಸ್ಟ್ರು. ಇನ್ನೊಂದು ದೀಪಾವಳಿ ಬಂದಾಗ ಮಾತ್ರ ತಿರುಗುತ್ತಿತ್ತು. ಬಾಗಿಲ ಪಕ್ಕ ಚಾಪೆಯ ಮೇಲೆ ಅವರ ಹೆಂಡತಿ ಗೌರಮ್ಮ. ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅವರ ಪಾಲಿನ ಕೆಲಸ. ಡೆಲಿವರಿಗೆ ಮುಂಚೆ ಪ್ರತಿ ಹೊಸ ಬಟ್ಟೆಯ ಅಂಚಿನ ಒಳಬದಿಗೆ ಒಂದು ಬೊಟ್ಟು ಅರಿಶಿನ ಇಡುವುದೂ ಅವರದೇ. ನಮ್ಮ ಕಡೆ ಅರಿಶಿನ ಮುಟ್ಟಿಸದೆ ಯಾರೂ ಹೊಸ ಬಟ್ಟೆ ತೊಡುವುದಿಲ್ಲ. ಗಿರಾಕಿ ಮನೆಗೆ ಹೋಗಿ ಮರೆತರೆ ಎಂಬ ಭಯಕ್ಕೆ ಗೌರಮ್ಮ ಅಂಗಡಿಯಲ್ಲೇ ಮುಗಿಸಿಬಿಡುತ್ತಿದ್ದರು.

ನಮ್ಮ ಮಾಲಿಗೆ ಸ್ವಂತ ಲೇಬಲ್ ಇತ್ತು. ನೀಲಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ‘ಮುನಿಯಪ್ಪ, ಯಶವಂತಪುರ’ ಎಂದು ನೇಯಿಸಿದ್ದು. ಅಂಗೈಯ ಅರ್ಧದಷ್ಟು ಅಗಲ, ರಟ್ಟಿನಷ್ಟು ಗಡಸು. ಕಾಲರಿನ ಕೆಳಗೆ ಅದು ಕೂತರೆ ಎಮ್ಮೆಯೂ ಕತ್ತು ಉಜ್ಜಲು ಕಂಬ ಹುಡುಕಿಕೊಂಡು ಹೋಗುತ್ತಿತ್ತು. ಮಾಸ್ಟ್ರು ಅದನ್ನು ಅಂಗಿಗೆ ಹಾಕಿ ಸುಮ್ಮನಾಗುತ್ತಿರಲಿಲ್ಲ. ಉಳಿದ ಬಟ್ಟೆಯಲ್ಲಿ ಟೈ ಮಾಡಿ ಅದಕ್ಕೂ, ಕರ್ಚೀಪು ಮಾಡಿ ಅದಕ್ಕೂ ಹಾಕುತ್ತಿದ್ದರು. ನೆಗಡಿಯ ಕಾಲದಲ್ಲಿ ಯಶವಂತಪುರದ ಅರ್ಧ ಜನರ ಮೂಗು ಕೆಂಪಗಿರುತ್ತಿತ್ತು. ಇನ್ನರ್ಧ ಜನ ಬೇರೆ ಕಡೆ ಕರ್ಚೀಪು ಕೊಂಡವರು.

“ಲೇಬಲ್ ಸ್ವಲ್ಪ ಮೆತ್ತಗೆ ಮಾಡ್ಸಿ ಮಾಸ್ಟ್ರೇ, ಜನ ಬೈಕೋತಾರೆ” ಎಂದು ನಾನು ತಜ್ಞನ ಸಲಹೆ ಕೊಟ್ಟಿದ್ದೆ.

“ಬೈಕೊಳ್ಳಲಿ ಬಿಡೋ. ಬೈಯೋವಾಗ ಹೆಸ್ರು ಹೇಳ್ತಾರಲ್ಲ.”

ಆ ವರ್ಷ ಆಷಾಢಕ್ಕೆ ಮುಂಚೆಯೇ ನಮಗೆ ಆಷಾಢ ಬಂದಿತ್ತು. ಪೇಟೆಯಲ್ಲಿ ರೆಡಿಮೇಡ್ ಅಂಗಿಗಳು ಡಬ್ಬಿಯಲ್ಲಿ ಕೂತು ಮಾರಾಟವಾಗುತ್ತಿದ್ದವು. ನಮ್ಮ ಹಳೆಯ ಗಿರಾಕಿಗಳು ಅಂಗಡಿ ಮುಂದೆ ಹೋಗುವಾಗ ಆಕಾಶ ನೋಡುತ್ತಿದ್ದರು. ಆ ಹೊತ್ತಿಗೆ ಪೇಟೆಯಿಂದ ವೆಂಕಟೇಶಯ್ಯ ಎಂಬ ಜವಳಿ ಸಾಹುಕಾರರು ಬಂದರು. ಬಿಳಿ ಬಟ್ಟೆ ಅವರು ಕೊಡುತ್ತಾರೆ, ಅಂಗಿ ನಾವು ಹೊಲಿಯಬೇಕು. ಮೊದಲ ಕಂತು ಸರಿ ಹೋದರೆ ವರ್ಷವಿಡೀ ಕೆಲಸ. ಷರತ್ತು ಎರಡು. ಅಂಗಿಗೆ ಅವರು ಕೊಟ್ಟ ಲೇಬಲ್ ಹಾಕಬೇಕು, ನಮ್ಮದು ಎಲ್ಲಿಯೂ ಕಾಣಬಾರದು. ಬಟ್ಟೆಯ ಮೇಲೆ ಒಂದು ಕಲೆಯೂ ಇರಬಾರದು.

ಅವರ ಲೇಬಲ್ ಬೆರಳ ಉಗುರಿನಷ್ಟು, ರೇಷ್ಮೆಯಂತೆ ನುಣುಪು. ಅದರ ಮೇಲೆ ಬಾಯಿ ತಿರುಗದ ಒಂದು ಇಂಗ್ಲಿಷ್ ಹೆಸರು, ಕೆಳಗೆ ಬೊಂಬಾಯಿ.

“ಇದು ಬೊಂಬಾಯಿ ಮಾಲಾ ಸ್ವಾಮಿ?” ಎಂದೆ.

“ಲೇಬಲ್ ಬೊಂಬಾಯಿದಪ್ಪ” ಎಂದರು ಸಾಹುಕಾರರು.

ಒಪ್ಪದಿದ್ದರೆ ಅಂಗಡಿ ಮುಚ್ಚಬೇಕು, ಒಪ್ಪಿದರೆ ಹೆಸರು ಹೋಗುತ್ತದೆ. ಮಾಸ್ಟ್ರು ಬಹಳ ಹೊತ್ತು ಯೋಚಿಸುತ್ತಾರೆಂದು ನಾನು ಕಾದೆ. ಅವರು ಯೋಚಿಸಲಿಲ್ಲ. ತಮ್ಮ ಲೇಬಲ್ಲುಗಳಿದ್ದ ಬಿಸ್ಕತ್ತಿನ ಡಬ್ಬಿ ತೆಗೆದು ಅಟ್ಟಕ್ಕೆ ಎಸೆದರು, ಕೂತರು, ಮೆಷಿನ್ ತುಳಿದರು.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನಾನು ನಗಿಸಿದರೆ ಮಾಸ್ಟ್ರು ನಗುತ್ತಿರಲಿಲ್ಲ, ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಒಂದು ಸಲ ಸೂಜಿ ಅವರ ಬೆರಳಿಗೇ ಇಳಿಯಿತು. ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿ, ಬಟ್ಟೆಗೆ ರಕ್ತ ತಾಗದ ಹಾಗೆ ಅದನ್ನು ಪಕ್ಕಕ್ಕೆ ಇಟ್ಟುಕೊಂಡು ಹೊಲಿಗೆ ಮುಂದುವರಿಸಿದರು. ಬೈಸಿಕೊಳ್ಳದೆ ನನಗೂ ಹಸಿವೆ ಕಡಿಮೆಯಾಯಿತು. ಇದೊಂದನ್ನು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಅಂಗಿಗಳು ಪೇಟೆಗೆ ಹೋದವು. ಕೆಲವು ವಾರಗಳ ಮೇಲೆ, ಮೋಡ ಕವಿದ ಒಂದು ಬೆಳಿಗ್ಗೆ, ಬಾಗಲಗುಂಟೆಯ ಬೈರಪ್ಪನವರು ಸೈಕಲ್ ತಂದು ನಮ್ಮ ಅಂಗಡಿಗೆ ಒರಗಿಸಿದರು. ಅಂಗಡಿ ಸ್ವಲ್ಪ ವಾಲಿತು. ಹೊಲ ತೋಟ ಇದ್ದ ಭಾರಿ ಕುಳ, ನಮ್ಮ ಹಳೆಯ ಗಿರಾಕಿ, ಲೇಬಲ್ ಬಗ್ಗೆ ಅತಿ ಹೆಚ್ಚು ಬೈದವರು. ಮೈಮೇಲೆ ಬಿಳಿ ಅಂಗಿ.

“ಏನ್ಲಾ ಗಂಗಾ, ಎಂಗೈತೆ ಅಂಗಿ? ಬೊಂಬಾಯಿದು” ಎಂದು ನನ್ನನ್ನು ಕೇಳಿ ಮಾಸ್ಟ್ರ ಕಡೆ ತಿರುಗಿದರು. “ನೋಡಪ್ಪಾ ಮುನಿಯಪ್ಪ, ಎಗಲು ನೋಡು. ನೀನೂ ಇಷ್ಟು ವರ್ಸ ಒಲಿದಿದ್ದೀಯಲ್ಲ, ಒಂದಾದ್ರೂ ಇಂಗೆ ಕೂತಿತ್ತಾ?”

ಮಾಸ್ಟ್ರು ನೋಡಿದರು. ಆ ಹೆಗಲನ್ನು ಕೂರಿಸಿದವರು ಅವರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ಟ್ರ ಕಾಲು ನನ್ನ ಕಾಲನ್ನು ಒತ್ತಿತು.

“ಅಷ್ಟು ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬಂದ್ರಿ ಬೈರಪ್ನೋರೇ?” ಎಂದೆ.

ಅವರು ಬೆನ್ನು ತಿರುಗಿಸಿ ಕಾಲರನ್ನು ಹಿಂದಕ್ಕೆ ಎಳೆದರು. ಕಾಲರಿನ ಕೆಳಗೆ, ಒಳಬದಿಯಲ್ಲಿ, ಎಂಟಾಣೆ ಬಿಲ್ಲೆಯಷ್ಟು ಕೆಂಪು ಕಲೆ. ಬೆವರಿಗೆ ಅದರ ಅಚ್ಚು ಕತ್ತಿನ ಮೇಲೂ ಬಿದ್ದಿತ್ತು.

“ಒಂದ್ಸಾರಿ ಒಗೆದಿದ್ದಕ್ಕೆ ಇಂಗಾಗೈತೆ. ತಾಲ್ಲೂಕ್ ಕಚೇರಿಗೆ ಓಗಿದ್ದೆ. ಗುಮಾಸ್ತ ಎದ್ದು ನಿಂತು, ಯಾರ್ ಒಡೆದ್ರು ಯಜಮಾನ್ರೇ ಅಂದ. ಅರ್ಧ ಕಚೇರಿ ನನ್ನ ಕತ್ತು ನೋಡೋಕೆ ಬಂತು. ಕೆಲ್ಸ ಮಾತ್ರ ಆಗ್ಲಿಲ್ಲ.”

ಅಂಗಿ ಬಿಚ್ಚಿಸಿಕೊಂಡು ಮಾಸ್ಟ್ರು ಆ ಪುಟ್ಟ ಲೇಬಲ್ಲಿನ ಹೊಲಿಗೆ ಬಿಚ್ಚಿದರು. ಕೆಳಗೆ ಕಲೆಯ ನಡುಭಾಗ ಇನ್ನೂ ಅರಿಶಿನದ ಬಣ್ಣದಲ್ಲೇ ಇತ್ತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಎಲ್ಲರ ಮನೆಯಲ್ಲೂ ನೋಡಿದ್ದೇ. ಮಾಸ್ಟ್ರು ನಿಧಾನವಾಗಿ ಚಾಪೆಯ ಕಡೆ ತಿರುಗಿದರು.

ಗೌರಮ್ಮ ಹಲ್ಲಿನಿಂದ ದಾರ ಕಡಿದು ಹೇಳಿದರು, “ನಾನೇ ಇಟ್ಟಿದ್ದು. ಕಲೆ ಕಾಣಬಾರ್ದು ಅಂದ್ರಲ್ಲ, ಅದಕ್ಕೇ ಅಂಚಿಗೆ ಇಡೋದು ಬಿಟ್ಟು ಲೇಬಲ್ ಕೆಳಗೆ ಇಟ್ಟೆ. ಅರಿಶಿನ ಇಲ್ದೆ ಹೊಸ ಬಟ್ಟೆ ಹಾಕೋದು ಹೆಣಕ್ಕೆ ಕಣ್ರೀ. ಯಾರ ಮೈಮೇಲೆ ಹೋಗುತ್ತೋ ಗೊತ್ತಿಲ್ಲ ಅಂತ ಒಂಚೂರು ಜಾಸ್ತೀನೇ ಇಟ್ಟೆ.”

“ಎಲ್ಲದಕ್ಕೂನಾ?” ಎಂದೆ.

“ಒಬ್ರಿಗೆ ಇಟ್ಟು ಒಬ್ರಿಗೆ ಬಿಡೋಕಾಗುತ್ತಾ?”

ಬೈರಪ್ಪನವರು ಬನಿಯನ್ನಿನಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅರ್ಥವಾಗಲು ಅವರಿಗೆ ತಡವಾಗಲಿಲ್ಲ. ಆದರೆ ಅವರು ಏನಾದರೂ ಹೇಳುವ ಮೊದಲೇ ಜಟಕಾ ಗಾಡಿಯೊಂದು ಬಂದು ನಿಂತಿತು. ಸಾಹುಕಾರ್ ವೆಂಕಟೇಶಯ್ಯನವರು ಇಳಿದರು, ಅವರ ಹಿಂದೆ ನಾವು ಹೊಲಿದ ಅಂಗಿಗಳ ಗಂಟು ಇಳಿಯಿತು.

“ಏನ್ರೀ ಮುನಿಯಪ್ಪನೋರೇ, ಬೊಂಬಾಯಲ್ಲಿ ಅರಿಶಿನ ಇಟ್ಟು ಕಳಿಸ್ತಾರೇನ್ರೀ? ಬಾಗಿನಕ್ಕೆ ಬಳೆ ಒಂದು ಬಾಕಿ. ಗಿರಾಕಿಗಳು ಅಂಗಡಿ ಮುಂದೆ ನಿಂತು, ಇದ್ಯಾವ ಊರಿನ ಬೊಂಬಾಯಿ ಅಂತ ಕೇಳ್ತಾವ್ರೆ. ನಮ್ಮ ಲೇಬಲ್ ಬಿಚ್ಚಿಕೊಟ್ಬಿಡಿ. ಅಂಗಿ ನೀವೇ ಇಟ್ಕೊಳ್ಳಿ, ನಿಮ್ಮ ಮಜೂರಿಗೆ ಸರಿಹೋಯ್ತು, ನಾನೂ ಕೇಳಲ್ಲ, ನೀವೂ ಕೇಳ್ಬೇಡಿ.”

ಅಂದರೆ ವರ್ಷದ ಕೆಲಸ ಹೋಯಿತು. ಮಾಸ್ಟ್ರು ಲೇಬಲ್ ಬಿಚ್ಚಲು ಕೂತರು. ನಾನೂ ಕೂತೆ. ಸಾಹುಕಾರರು ತಮ್ಮ ನುಣುಪು ಚೂರುಗಳನ್ನು ಜೇಬಿಗೆ ತುಂಬಿಕೊಂಡು ಹೋದರು. ಪ್ರತಿ ಅಂಗಿಯ ಕಾಲರಿನ ಕೆಳಗೂ ಅರಿಶಿನದ ಒಂದೊಂದು ಸೂರ್ಯ ಉಳಿಯಿತು. ನಿಜವಾದ ಸೂರ್ಯ ಇದ್ದಿದ್ದರೆ ಬಿಸಿಲಿಗೆ ಹರವಿ ಕಲೆ ತೆಗೆಯಬಹುದಿತ್ತು. ಆಷಾಢದ ಮೋಡ ಕದಲುವ ಹಾಗಿರಲಿಲ್ಲ.

ಮಾಸ್ಟ್ರು ಒಂದು ಅಂಗಿ ಎತ್ತಿ ಆ ಕಲೆಯನ್ನೇ ನೋಡುತ್ತ ಕೂತರು. ಬೆರಳಿಂದ ಅದರ ಅಗಲ ಅಳೆದರು. ಮತ್ತೆ ಅಳೆದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಅಟ್ಟದ ಮೇಲಿರೋ ಡಬ್ಬಿ ಇಳಿಸೋ.”

ನಮ್ಮ ಲೇಬಲ್ ಕಲೆಯ ಮೇಲೆ ಇಟ್ಟರೆ ಕಲೆ ಪೂರ್ತಿ ಮುಚ್ಚಿಹೋಯಿತು. ಸುತ್ತ ಇನ್ನೂ ಜಾಗ ಮಿಕ್ಕಿತು. ಗೌರಮ್ಮ ಅರಿಶಿನದ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿಕೊಳ್ಳುತ್ತಿದ್ದರು. ಮಾಸ್ಟ್ರು ಅಂಗಿಯ ಅಂಚನ್ನು ತಿರುವಿ, ಒಳಬದಿಯನ್ನು ಅವರ ಮುಂದೆ ಹಿಡಿದರು. ಹಳೆಯ ಜಾಗ ಅದು. ಗೌರಮ್ಮ ಒಂದು ಬೊಟ್ಟು ಇಟ್ಟರು, ಈ ಸಲ ಚಿಕ್ಕದು.

ಮೊದಲು ಮುಗಿದದ್ದು ಬೈರಪ್ಪನವರ ಅಂಗಿ. ಅವರು ತೊಟ್ಟುಕೊಂಡರು. ಕತ್ತನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕೈ ಹಿಂದೆ ಹಾಕಿ ಕೆರೆದುಕೊಂಡರು.

“ಕೆರೀತದೆ” ಎಂದರು.

ಮಾಸ್ಟ್ರು ಮುಂದಿನ ಅಂಗಿಯನ್ನು ಮೆಷಿನ್ನಿಗೆ ಕೊಟ್ಟರು.

“ಮುಂಚಿನಂಗೇ ಕೆರೀತದೆ ಕಣಪ್ಪಾ ಮುನಿಯಪ್ಪ. ನಿನ್ ಮನೆ ಕಾಯೋಗ. ಈ ಮುಳ್ಳನ್ನ ಎಲ್ಲಿ ಸಿಗಾಕ್ಕೊಂಡಿದ್ದೆ ಇಷ್ಟು ದಿನ?” ಮತ್ತೆ ಕೆರೆದುಕೊಂಡು, “ನನ್ ಮಗನಿಗೂ ಒಂದು ಕೊಡು. ಅವನೊಬ್ನೇ ಯಾಕೆ ಸುಖವಾಗಿರ್ಬೇಕು” ಎಂದರು.

ಮಾಸ್ಟ್ರ ಮೆಷಿನ್ ನಿಂತಿತು. ಅವರು ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ. ನನ್ನ ಕಡೆ ತಿರುಗಿ, “ಟೇಪು ಕೊರಳಿಗೆ ಹಾಕ್ಕೊಂಡು ಮದುವೆ ಗಂಡಿನ ಥರ ನಿಂತಿದ್ದೀಯಲ್ಲೋ ಕತ್ತೆ, ಕೂತ್ಕೊಂಡು ಗಂಟು ಬಿಚ್ಚು” ಎಂದು ಬೈದರು. ಎಷ್ಟೋ ದಿನದ ಮೇಲೆ ಬಿದ್ದ ಬೈಗುಳ. ಆ ಮಧ್ಯಾಹ್ನ ನಾನು ಗೌರಮ್ಮನ ಕೈಯಿಂದ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ.

ಆ ಗಂಟು ದೀಪಾವಳಿಯ ಹೊತ್ತಿಗೆ ಖಾಲಿಯಾಯಿತು. ಅಂಗಡಿ ಈಗಲೂ ಇದೆ, ಈಗಲೂ ಅಷ್ಟೇ ಕಿರಿದು. ವರ್ಷವಿಡೀ ಕೆಲಸ ಇರುವುದಿಲ್ಲ. ಆಷಾಢ ಬಂದರೆ ಈಗಲೂ ಮೆಷಿನ್ನಿಗೆ ಎಣ್ಣೆ ಹಾಕಿ ಕೂರುತ್ತೇವೆ.

ಈ ಕಸಬು ನನಗೆ ಕಲಿಸಿದ್ದು ಇಷ್ಟು. ಬೊಂಬಾಯಿಯ ಅಂಗಿ ಕೆಟ್ಟರೆ ಬೈಯಲು ಬೊಂಬಾಯಿಗೆ ಯಾರೂ ಹೋಗಲಾರರು. ಮುನಿಯಪ್ಪನ ಅಂಗಿ ಕೆಟ್ಟರೆ ಬಾಗಲಗುಂಟೆಯಿಂದ ಸೈಕಲ್ ತುಳಿದರಾಯಿತು. ಚಿಕ್ಕ ಅಂಗಡಿಯವನು ಬಟ್ಟೆಗೆ ತನ್ನ ಹೆಸರು ಹೊಲಿದರೆ, ಬಂದು ಬೈಯಿರಿ, ಇಲ್ಲೇ ಇರುತ್ತೇನೆ ಎಂದು ಹೇಳಿದ ಹಾಗೆ. ಅಂಥ ಅಂಗಿ ಸಿಕ್ಕರೆ ತೊಡಿ. ನಾನು ಇದನ್ನು ಬರೆಯುತ್ತಿರುವುದೂ ಆ ಗಂಟಿನಲ್ಲಿ ಉಳಿದ ಕೊನೆಯ ಅಂಗಿ ತೊಟ್ಟು. ಎರಡು ಸಾಲಿಗೊಮ್ಮೆ ಪೆನ್ನು ಕೆಳಗಿಟ್ಟು ಕತ್ತು ಕೆರೆದುಕೊಳ್ಳಬೇಕಾಗುತ್ತದೆ.