ಸೀಟಕ್ಕನ ಒಂಬತ್ತನೆಯ ಮನೆ

ನಮ್ಮ ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ನಾನು ಪಕ್ಕದ ಸ್ಟೋರಿನಲ್ಲಿ ಕೂತು ರೆಕ್ಸಿನ್, ಫೋಮು, ನೂಲಿನುಂಡೆ ಕೊಡುವವನು. ಹತ್ತು ವರ್ಷ ಅವಳಿಗೆ ನೂಲು ಕೊಟ್ಟಿದ್ದೇನೆ. ಒಂದೇ ಒಂದು ದಿನ ಬಿಟ್ಟರೆ ಎಂದೂ ಉಂಡೆಯನ್ನು ಎಳೆದು ನೋಡದೆ ಒಯ್ದವಳಲ್ಲ. ಒಳಗೆ ತುಂಡು ನೂಲು ಸುತ್ತಿಟ್ಟಿರಬಹುದೆಂಬ ಅನುಮಾನ.

ಅದು ಹುಟ್ಟುಗುಣವಲ್ಲ, ಮನೆ ಬದಲಿಸಿ ಬದಲಿಸಿ ಅಂಟಿದ್ದು. ಗಂಡ ಸತ್ತ ಮೇಲೆ ಹನ್ನೊಂದು ವರ್ಷದಲ್ಲಿ ಅವಳೂ ಅವಳ ಅತ್ತೆಯೂ ಎಂಟು ಬಾಡಿಗೆ ಮನೆ ಕಂಡರು. ಒಬ್ಬ ಮಾಲೀಕ, ಮಗಳು ಬಂದು ಇರುತ್ತಾಳೆ, ಬಿಟ್ಟುಕೊಡಿ ಎಂದ. ಬಂದದ್ದು ಮಗಳಲ್ಲ, ಚಪ್ಪಲಿ ಗೋದಾಮು. ಇನ್ನೊಬ್ಬ ಛಾವಣಿ ರಿಪೇರಿ ಎಂದ. ಮರುವಾರವೇ ಅದೇ ಛಾವಣಿಯ ಕೆಳಗೆ ಬೇರೆಯವರು ಬಂದು ಕೂತರು. ಮತ್ತೊಬ್ಬ ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ. ಬರಬರುತ್ತ ಸೀಟಕ್ಕ ಲಕ್ಷಣ ಓದಲು ಕಲಿತಳು. ಮಾಲೀಕ ಗೋಡೆ ತಟ್ಟಿ ನೋಡಿದರೆ ಇನ್ನು ಮೂರು ತಿಂಗಳು. ಗುರುತಿಲ್ಲದವನು ಮೆಟ್ಟಿಲಿನ ಫೋಟೋ ತೆಗೆದರೆ ಎರಡು. ಮಾಲೀಕನ ಹೆಂಡತಿ ಇದ್ದಕ್ಕಿದ್ದಂತೆ ನಗುನಗುತ್ತ ಮಾತಾಡಿಸಿದರೆ ಅವತ್ತೇ ಪಾತ್ರೆ ಕಟ್ಟಲು ಶುರು.

"ಬೆಕ್ಕು ಕೂಡ ಮರಿ ಕಚ್ಕೊಂಡು ಏಳು ಮನೆ ತಿರುಗಿ ಸುಮ್ನಾಗುತ್ತೆ ಕಣೇ," ಎಂದಿದ್ದಳಂತೆ ಅತ್ತೆ, ಎಂಟನೆಯ ಮನೆಯೊಳಗೆ ಕಾಲಿಡುವಾಗ. "ನೀನು ನನ್ನ ಕಚ್ಕೊಂಡು ಎಂಟಕ್ಕೆ ಬಂದೆ."

ಡಿಪೋದ ಕ್ಲಿನಿಕ್ಕಿನಲ್ಲಿ ಸೀಟಕ್ಕನ ಬಿಪಿ ನೂರ ಎಪ್ಪತ್ತರಿಂದ ಕೆಳಗಿಳಿಯುತ್ತಿರಲಿಲ್ಲ. ಇವಳು ಮಾತ್ರೆ ನುಂಗುತ್ತಿಲ್ಲವೆಂದು ನರ್ಸಿಗೆ ಅನುಮಾನ. ಮಾತ್ರೆಯೇ ಸರಿಯಿಲ್ಲವೆಂದು ಇವಳಿಗೆ.

"ನಿಜ ಹೇಳಿ ಅಕ್ಕ, ದಿನಾ ತಗೋತೀರಾ?"

"ಸಿಕ್ಕಿದ ದಿನ ತಗೋತೀನಿ ಸಿಸ್ಟರ್."

"ಸಿಕ್ಕಿದ ದಿನ ಅಂದ್ರೆ?"

"ಯಾವ ಚೀಲದಲ್ಲಿ ಹಾಕಿದ್ದೆ ಅಂತ ನೆನಪಾದ ದಿನ."

ಹೃದಯದ ಪರೀಕ್ಷೆಗೆ ಬರಲು ನರ್ಸ್ ಎರಡು ಸಲ ಪತ್ರ ಕಳಿಸಿದ್ದಳು. ಎರಡೂ ಆರನೆಯ ಮನೆಗೆ ಹೋಗಿದ್ದವು.

ಒಂದು ಬೆಳಿಗ್ಗೆ ಸೀಟಕ್ಕ ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಮುಖ ಬಿಳಿಚಿತ್ತು.

"ನಿನ್ನೆ ಮಾಲೀಕ ಬಂದಿದ್ದ. ಗೋಡೆ ತಟ್ಟಿದ."

"ಸೊಳ್ಳೆ ಹೊಡೆದಿರ್ಬೇಕು ಬಿಡಿ," ಎಂದೆ.

"ಮೂರು ಕಡೆ ತಟ್ಟಿದ. ಒಂದು ಸೊಳ್ಳೆ ಮೂರು ಕಡೆ ಸಾಯಲ್ಲ."

ಅರ್ಧ ಗಂಟೆ ಕಳೆದಿರಬೇಕು. ಪಕ್ಕದ ಶೆಡ್ಡಿನಲ್ಲಿ ಹೊಲಿಗೆಯ ಸದ್ದು ನಿಂತಿತು. ಹೋಗಿ ನೋಡಿದರೆ ಸೀಟಕ್ಕ ನೆಲದ ಮೇಲೆ ಕೂತು, ಕಿತ್ತಿಟ್ಟ ಸೀಟಿಗೆ ಒರಗಿದ್ದಳು. ದಪ್ಪ ದಾರ ಪೋಣಿಸಿದ ದಬ್ಬಳ ಇನ್ನೂ ಬೆರಳಲ್ಲೇ ಇತ್ತು. "ಎದೆ ಮೇಲೆ ಯಾರೋ ಕೂತ ಹಾಗಿದೆ. ಎಡಗೈ ನಂದಲ್ಲ ಅನ್ನಿಸ್ತಿದೆ," ಎಂದಳು. ಡಿಪೋದ ಜೀಪಿನಲ್ಲಿ ಅವಳನ್ನು ಮಲಗಿಸಿಕೊಂಡು ಹೋದೆವು. ಸಣ್ಣ ಹೃದಯಾಘಾತ ಎಂದರು. ಬೇಗ ತಂದಿದ್ದರಿಂದ ಉಳಿದಳು.

ಮೂರನೆಯ ದಿನ ಡಾಕ್ಟರಮ್ಮ ಚೀಟಿ ಬರೆಯುತ್ತ ವಿಳಾಸ ಕೇಳಿದರು. ಸೀಟಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ, "ಈ ತಿಂಗಳದ್ದು ಬೇಕಾ, ಮುಂದಿನ ತಿಂಗಳದ್ದು ಬೇಕಾ?" ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಂದರು, "ಯಾವಾಗ ಗಂಟುಮೂಟೆ ಕಟ್ಟಬೇಕೋ ಅಂತ ಮೈಯೆಲ್ಲ ಕಿವಿಯಾಗಿದ್ರೆ ಹೃದಯಕ್ಕೆ ಬಿಡುವೆಲ್ಲಿ? ಮಾತ್ರೆ ಕೊಡ್ತೀನಿ, ಉಪ್ಪು ಕಡಿಮೆ ಮಾಡಿ. ಆದ್ರೆ ಮಾತ್ರೆ ಇಡೋಕೂ ಒಂದು ಜಾಗ ಬೇಕಲ್ಲಮ್ಮ." ಹಾಗೆಂದು ನಮ್ಮ ನೌಕರರ ಸಂಘಕ್ಕೂ ಒಂದು ಪತ್ರ ಬರೆದರು.

ಸಂಘದ ಕಟ್ಟಡದಲ್ಲಿ ನೆಲಮಹಡಿಯ ಎರಡು ಕೋಣೆ ಖಾಲಿಯಿತ್ತು. ಹತ್ತು ವರ್ಷದ ಕರಾರು, ಬೇಕೆಂದರೆ ಮುಂದುವರಿಸಬಹುದು. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಸೀಟಕ್ಕ ಕರಾರುಪತ್ರವನ್ನು ನನ್ನ ಕಿಟಕಿಗೆ ತಂದು ಬೆಳಕಿಗೆ ಹಿಡಿದಳು.

"ಹತ್ತು ಅಂತಿದೆ. ಏನಾದ್ರೂ ಅಳಿಸಿ ಬರೆದಿದಾರಾ ನೋಡಿ."

"ಇಲ್ಲ."

"ಹಾಗಾದ್ರೆ ನನಗೇ ಯಾಕೆ ಕೊಟ್ರು?"

"ಕಾಯಿಲೆಯವರಿಗೆ ಮೊದಲು ಅಂತ ನಿಯಮ ಇದೆ."

"ನಿಯಮ ಮಾಡಿದೋರೇ ತಾನೆ ಮುರಿಯೋದು," ಎಂದು ಮಡಚಿಟ್ಟುಕೊಂಡಳು.

ಅಂತೂ ಹೋದರು. ಆದರೆ ಎರಡು ತಿಂಗಳು ಚೀಲಗಳ ಬಾಯಿ ಬಿಚ್ಚಲಿಲ್ಲ. ಒಲೆ, ಎರಡು ತಟ್ಟೆ, ಒಂದು ಹಾಸಿಗೆ ಮಾತ್ರ ಹೊರಗೆ. ಜೊತೆಗೆ ಹೊಸ ಅನುಮಾನವೊಂದು ಹುಟ್ಟಿಕೊಂಡಿತು. ಎದುರು ಬಾಗಿಲಲ್ಲಿ ನಿವೃತ್ತ ಟೈಪಿಸ್ಟ್ ಒಬ್ಬರಿದ್ದರು, ಒಂಟಿ ಮನುಷ್ಯ. ಸಿಕ್ಕಾಗಲೆಲ್ಲ ಪ್ರಶ್ನೆ. ಬೆಳಿಗ್ಗೆ ಎಷ್ಟಕ್ಕೆ ಹೊರಡ್ತೀರಿ, ಸಂಜೆ ಯಾವಾಗ ಬರ್ತೀರಿ, ಅಮ್ಮ ಹಗಲೆಲ್ಲ ಮನೇಲೇ ಇರ್ತಾರಾ. ಈ ಮನೆಯ ಮೇಲೆ ಯಾರೋ ಕಣ್ಣಿಟ್ಟು, ಸುಳಿವು ತಿಳಿಯಲು ಈ ಟೈಪಿಸ್ಟರನ್ನು ಬಿಟ್ಟಿದ್ದಾರೆಂದೇ ಸೀಟಕ್ಕನ ತೀರ್ಮಾನ. ಅವರ ಕೆಮ್ಮು ಕೇಳಿದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಕೆಲಸಕ್ಕೆ ಹೊರಡುವಾಗ ಬಾಗಿಲ ಸಂದಿಗೆ ಒಂದೆಳೆ ನೂಲು ಸಿಕ್ಕಿಸಿ, ಸಂಜೆ ಬಂದು ನೋಡುತ್ತಿದ್ದಳು. ನೂಲು ದಿನವೂ ಬಿದ್ದಿರುತ್ತಿತ್ತು.

"ಬಾಗಿಲು ತೆಗೆದೋಳು ನಾನೇ ಕಣೇ," ಎಂದಳು ಅತ್ತೆ. "ನಾನೇನು ಇಡೀ ದಿನ ಒಳಗೇ ಕೂತಿರ್ಲಾ? ಸಂಶಯಕ್ಕೆ ಮದ್ದಿಲ್ಲ ಅಂತಾರಲ್ಲ, ನಿನ್ನ ನೋಡೇ ಅಂದಿದ್ದು."

ಒಂದು ಸಂಜೆ ಆ ಟೈಪಿಸ್ಟರೇ ಬಂದು ಬಾಗಿಲು ತಟ್ಟಿದರು. ಸೀಟಕ್ಕ ಸರಪಳಿ ತೆಗೆಯದೆ ಸಂದಿಯಲ್ಲೇ ನಿಂತಳು. ಅವರ ಕೈಯಲ್ಲಿ ಒಂದು ಬೀಗದಕೈ ಇತ್ತು.

"ಇದು ನಮ್ಮನೆದು. ನಿಮ್ಮಲ್ಲಿ ಒಂದಿರ್ಲಿ ತಾಯಿ. ನನಗೂ ಎದೆ ಕಾಯಿಲೆ, ಒಬ್ಬನೇ ಇರೋದು. ಬೆಳಿಗ್ಗೆ ಎಂಟಾದ್ರೂ ನಾನು ಕಾಣಿಸದಿದ್ರೆ ಯಾರಾದ್ರೂ ಬಾಗಿಲು ತೆಗೆದು ನೋಡ್ಬೇಕಲ್ಲ."

"ನಾವು ಎಂಥವರು ಅಂತ ನಿಮಗೇನು ಗೊತ್ತು?"

"ಗೊತ್ತಿರ್ಲಿಲ್ಲ. ಅದಕ್ಕೇ ಎರಡು ತಿಂಗಳು ವಿಚಾರಿಸ್ದೆ."

ಸೀಟಕ್ಕ ಸರಪಳಿ ತೆಗೆದಳು. ಮರುದಿನ ನನ್ನ ಹತ್ತಿರ ಬಂದು ಇದನ್ನೆಲ್ಲ ಹೇಳಿ, "ಓಡಿಸೋಕೆ ಬಂದೋರು ತಮ್ಮ ಬೀಗದಕೈ ಕೊಡಲ್ಲ, ಅಲ್ವಾ?" ಎಂದು ಕೇಳಿದಳು. ಕೊಡುವುದಿಲ್ಲ ಎಂದೆ. ಅವತ್ತು ನೂಲಿನುಂಡೆ ಎಳೆದು ನೋಡಲು ಮರೆತಳು.

ಆ ಭಾನುವಾರ ಚೀಲಗಳನ್ನು ಬಿಚ್ಚಿದಳು. ಒಂದೊಂದರಲ್ಲೂ ಒಂದೊಂದು ಮಾತ್ರೆ ಪಟ್ಟಿ ಸಿಕ್ಕಿತಂತೆ, ಎಲ್ಲ ಅವಧಿ ಮುಗಿದವು. ಹೊಸ ಮಾತ್ರೆಗೆ ಒಲೆಯ ಪಕ್ಕದ ಗೂಡಿನಲ್ಲಿ ಜಾಗವಾಯಿತು. ಎದುರುಮನೆಯವರೊಂದಿಗೆ ಅತ್ತೆ ಸಂಜೆ ನಡೆದಾಡಲು ಹೊರಟಳು. ಇಬ್ಬರನ್ನೂ ಕಾಯುವ ನೆಪದಲ್ಲಿ ಸೊಸೆಯೂ ನಡೆದಳು.

ಆರು ತಿಂಗಳ ಮೇಲೆ ಬಿಪಿ ನೂರ ಮೂವತ್ನಾಲ್ಕು ಬಂತು. ಸೀಟಕ್ಕ ನಂಬಲಿಲ್ಲ. "ಮೆಷಿನ್ ಕೆಟ್ಟಿದೆ," ಎಂದಳು. ನರ್ಸ್ ಮೆಷಿನ್ನಿನ ಪಟ್ಟಿಯನ್ನು ಜೊತೆಗೆ ಹೋಗಿದ್ದ ನನ್ನ ತೋಳಿಗೆ ಸುತ್ತಿದಳು. ನನ್ನದು ನೂರ ಐವತ್ತೆರಡು.

"ಮೆಷಿನ್ ಸರಿಯಾಗೇ ಇದೆ ಬಿಡಿ," ಎಂದಳು ಸೀಟಕ್ಕ, ನನ್ನನ್ನು ಮೇಲಿಂದ ಕೆಳಗೆ ನೋಡಿ. "ನಿಮ್ಮ ಮನೆ ಮಾಲೀಕ ಹೇಗೆ?"

ಡಾಕ್ಟರಮ್ಮ ಎಲ್ಲವನ್ನೂ ಮನೆಯ ಲೆಕ್ಕಕ್ಕೆ ಹಾಕಲಿಲ್ಲ. ಮಾತ್ರೆಯೂ ಕೆಲಸ ಮಾಡಿದೆ, ನಡಿಗೆಯೂ ಮಾಡಿದೆ, ಆದರೆ ನೆಲೆ ಸಿಗದಿದ್ದರೆ ಇವೆರಡೂ ನಡೆಯುತ್ತಿರಲಿಲ್ಲ ಎಂದರಂತೆ.

ಈಗ ಅವರು ಅಲ್ಲಿಗೆ ಬಂದು ನಾಲ್ಕು ವರ್ಷ. ಹೋದ ತಿಂಗಳು ನಾನು ಹೋಗಿದ್ದಾಗ ಬಾಗಿಲ ಬಳಿಯ ಗೋಡೆಗೆ ಸಂಘದವರು ಒಂದು ಕಾಗದ ಅಂಟಿಸಿದ್ದರು. ಸೀಟಕ್ಕ ನನ್ನನ್ನು ಅಲ್ಲೇ ನಿಲ್ಲಿಸಿ ಎರಡು ಸಲ ಓದಿದಳು. ಅಂಚು ಬಿಡಿಸಿ ಹಿಂಬದಿಯನ್ನೂ ನೋಡಿದಳು. ಭಾನುವಾರ ನೀರಿನ ಟ್ಯಾಂಕು ತೊಳೆಯುತ್ತಾರೆ, ಅಷ್ಟೇ.

"ಅತ್ತೆ, ಬಕೆಟ್ ತುಂಬಿಸಿಡಿ," ಎಂದು ಒಳಗೆ ಕೂಗಿ, ನನಗೆ ಕುರ್ಚಿ ಎಳೆದಳು.