ಗಾಳಿಗೆ ತಿಳಿಯದ ಸೂತ್ರ

ಫ್ರೀಸ್‌ಲ್ಯಾಂಡಿನಲ್ಲಿ ದೋಣಿಗಳಿಗೆ ದಾರಿಬಿಡಲು ಕಾಲುವೆಯ ಸೇತುವೆ ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾದ ಸೈತ್ಸೆಗೆ ಊರವರ ವಾರ್ಷಿಕ ಸೈಕಲ್ ಸವಾರಿಯ ಮುಂದಾಳತ್ವ ಪಿತ್ರಾರ್ಜಿತ ಆಸ್ತಿಯಿದ್ದಂತೆ. ಹದಿನೆಂಟು ವರ್ಷಗಳಿಂದ ಅವನ ಸೂತ್ರ ಒಂದೇ: ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಆ ಭಾನುವಾರವೂ ಒದ್ದೆ ಬೆರಳೆತ್ತಿ ದಿಕ್ಕು ನೋಡಿ, ಹನ್ನೆರಡು ಜನರನ್ನು ಪಡುವಣಕ್ಕೆ ಏದುಸಿರು ಬಿಡಿಸುತ್ತ ಕರೆದೊಯ್ದ.

"ಈಗ ತುಳೀರಿ, ಸಂಜೆ ಹಾರ್ಕೊಂಡು ಬರ್ತೀರಿ!"

ಗಾಳಿಗಿರಣಿಯ ಪಕ್ಕದಂಗಡಿಯಲ್ಲಿ ಸೇಬಿನ ಕೇಕು ತಿಂದು ಹೊರಬಂದರೆ, ಗಿರಣಿಯವನು ರೆಕ್ಕೆಗಳ ಸಮೇತ ಗಿರಣಿಯ ತಲೆಯನ್ನೇ ಮೂಡಣಕ್ಕೆ ತಿರುಗಿಸುತ್ತಿದ್ದ. ಗಾಳಿ ಬದಲಾಗಿ ಈಗ ಊರಿನ ಕಡೆಯಿಂದಲೇ ಬೀಸುತ್ತಿತ್ತು. ಎಲ್ಲರೂ ಸೈತ್ಸೆಯ ಮುಖ ನೋಡಿದರು.

"ಏನ್ ಮುಖಂಡರೇ, ಗಾಳಿಗೆ ನಿಮ್ಮ ಸೂತ್ರ ಹೇಳಿರ್ಲಿಲ್ವಾ?" ಎಂದಳು ಹೆಂಡತಿ ಹಿಸ್ಕೆ. "ಮುಂದಿನ ವರ್ಷ ಬೇರೆಯವ್ರನ್ನ ಹುಡುಕೋಣ."

ಸೈತ್ಸೆ ಜಗ್ಗಲಿಲ್ಲ. "ವಾಪಸ್ ಹೋಗುವಾಗ ನಾನು ಹಿಂದಿನಿಂದ ಮುನ್ನಡೆಸ್ತೀನಿ."

"ಅಂದ್ರೆ ನನ್ನ ಬೆನ್ನ ಮರೇಲಿ ಬರ್ತೀಯ."

"ಅದೇನು ಸಣ್ಣ ಬೆನ್ನಾ? ಮೂರು ಜನಕ್ಕಾಗುತ್ತೆ."

ಹಿಸ್ಕೆ ಅವನ ಸೈಕಲ್ಲನ್ನು ಹಿಡಿದು ಸಾಲಿನ ಮುಂದಕ್ಕೆ ನಿಲ್ಲಿಸಿದಳು. ಇಪ್ಪತ್ತು ಕಿಲೋಮೀಟರ್ ಉದ್ದಕ್ಕೂ ಗಾಳಿ ಅವನ ಎದೆಗೆ ಗುದ್ದಿತು, ಅವನ ಮರೆಯಲ್ಲಿ ಹನ್ನೆರಡು ಜನ ಹಾಡುತ್ತ ಬಂದರು. ಊರು ಮುಟ್ಟಿದಾಗ ಅವನ ಮುಖ ಬೀಟ್‌ರೂಟಿನಂತಾಗಿತ್ತು.

"ನೋಡಿದ್ರಾ," ಎಂದ, ಉಸಿರು ಸಿಕ್ಕ ಮೇಲೆ, "ಹತ್ತೊಂಬತ್ತನೇ ಸಲವೂ ನಾನೇ ಮುಂದೆ!"