ಯಾವ ದಿನದಿಂದ ಬೇರೆ

ಗೌರಿಬಿದನೂರಿನ ನನ್ನ ಬಾಡಿಗೆ ಮನೆಗೆ ಅವರು ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ತಲೆಗೆ ಹರಳೆಣ್ಣೆ ಮೆತ್ತಿಕೊಂಡು, ಹೊಸ್ತಿಲ ಬಿಸಿಲಿನಲ್ಲಿ ಕೂತು ಹತ್ತನೇ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆಯೆತ್ತಿದರೆ ಗೇಟಿನ ಹತ್ತಿರ ಅವರು ನಿಂತಿದ್ದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಇನ್ನೊಂದರಲ್ಲಿ ಹಾಲಿನ ಕ್ಯಾನು.

ಅವರು ಅಂದರೆ ನನ್ನ ಗಂಡ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಕಡೆಯ ಮೂರು ವರ್ಷ ನಾವು ಒಟ್ಟಿಗಿರಲಿಲ್ಲ.

ಅವರ ಮನೆ ಜಂಗಮಕೋಟೆಯಲ್ಲಿ. ಹಿಪ್ಪುನೇರಳೆ ತೋಟವನ್ನು ಮೈದುನ ನೋಡಿಕೊಳ್ಳುತ್ತಿದ್ದ, ಹದಿನಾಲ್ಕು ಹಸುಗಳನ್ನು ಇವರು. ಯಾವ ಹಸುವಿಗೆ ಕಾಯಿಲೆ ಬಂದರೂ ಡಾಕ್ಟರಿಗಿಂತ ಮೊದಲು ಇವರನ್ನು ಕರೆಯುತ್ತಿದ್ದರು. ಹಸುಗಳ ಜೊತೆ ಗಂಟೆಗಟ್ಟಲೆ ಮಾತಾಡುವ ಈ ಮನುಷ್ಯ ಮನೆಯೊಳಗೆ ಕಾಲಿಟ್ಟರೆ ಮೂಗ. ನನಗೋ ನಾಲ್ಕು ಮಾತಾಡದಿದ್ದರೆ ಅನ್ನ ಇಳಿಯುವುದಿಲ್ಲ. ಟಿವಿ ಆಂಟೆನಾ ತಿರುಗಿಸುವ ವಿಷಯಕ್ಕೆ ನಾನೇನೋ ಅಂದೆನೆಂದು ಒಮ್ಮೆ ಹದಿನೇಳು ದಿನ ಮಾತು ಬಿಟ್ಟಿದ್ದರು. ಹದಿನೆಂಟನೆಯ ದಿನ ಬಾಯಿಬಿಟ್ಟು ಹೇಳಿದ್ದು, "ಉಪ್ಪು ಕಮ್ಮಿ." ಕೈಯೆತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಆದರೂ ಆ ಮನೆಯಲ್ಲಿ ನಾನು ಒಣಗುತ್ತಿದ್ದೆ, ನನ್ನ ಗಲಾಟೆಗೆ ಅವರೂ ಸೊರಗುತ್ತಿದ್ದರು.

ಶಿಡ್ಲಘಟ್ಟದ ಶಾಲೆಯಿಂದ ಗೌರಿಬಿದನೂರಿಗೆ ವರ್ಗವಾದಾಗ, "ವಾರಕ್ಕೊಂದ್ಸಲ ಬರ್ತೀನಿ" ಎಂದು ಹೊರಟೆ. ವಾರ ಹೋಗಿ ಹದಿನೈದು ದಿನವಾಯಿತು, ಆಮೇಲೆ ತಿಂಗಳು, ಆಮೇಲೆ ಹೋಗುವುದೇ ನಿಂತಿತು. ಬೇಡವೆಂದು ಇಬ್ಬರೂ ಹೇಳಲಿಲ್ಲ. ಊರಿನವರು ಕೇಳಿದರೆ ಅವರೂ ನಾನೂ ಕೊಡುತ್ತಿದ್ದ ಉತ್ತರ ಒಂದೇ, "ಟ್ರಾನ್ಸ್‌ಫರ್ ಸಿಕ್ಕಿಲ್ಲ." ಸರ್ಕಾರದ ಮೇಲೆ ಹಾಕಿದರೆ ಯಾರೂ ಮುಂದೆ ಕೇಳುವುದಿಲ್ಲ.

"ಒಳಗೆ ಬನ್ನಿ" ಎಂದೆ. ಬಂದು ಚಾಪೆಯ ಮೇಲೆ ಕೂತು ಫೈಲು ನನ್ನ ಕಡೆ ತಳ್ಳಿದರು. ಹಸು ಸಾಕಣೆಯ ತರಬೇತಿಯಲ್ಲಿ ಪರಿಚಯವಾಗಿದ್ದ ಪಂಜಾಬಿನ ಗೆಳೆಯನೊಬ್ಬ ನ್ಯೂಜಿಲೆಂಡಿನ ಡೇರಿ ಫಾರಮ್ಮಿನಲ್ಲಿ ಕೆಲಸಕ್ಕಿದ್ದನಂತೆ. ಅವನ ಯಜಮಾನರು ಇವರಿಗೂ ಕೆಲಸದ ಪತ್ರ ಕಳಿಸಿದ್ದರು. ವೀಸಾಕ್ಕೆ ಅರ್ಜಿ ಹಾಕಬೇಕು.

"ಎಲ್ಲಾ ತುಂಬ್ಸಿದ್ದೀನಿ. ಒಂದು ಕಡೆ ನಿಂತೋಗಿದೆ ಕಣೇ. ನೀನೇ ಹೇಳ್ಬೇಕು."

ಎರಡನೆಯ ಹಾಳೆಯಲ್ಲಿ ವೈವಾಹಿಕ ಸ್ಥಿತಿ ಎಂಬಲ್ಲಿ ಐದು ಚೌಕಗಳು ಖಾಲಿ ಇದ್ದವು.

"ಬೆಂಗಳೂರಿನ ಏಜೆಂಟು, ಮದುವೆ ಆಗಿಲ್ಲ ಅಂತ ಹಾಕಿ, ತಲೆನೋವಿರಲ್ಲ ಅಂದ" ಎಂದರು. "ಹಂಗೆ ಹೆಂಗೆ ಹಾಕ್ಲಿ? ಆಗಿದೆಯಲ್ಲ. ಆಗಿದೆ ಅಂತ ಹಾಕಣ ಅಂದ್ರೆ, ಹೆಂಡ್ತಿ ಎಲ್ಲವ್ಳೆ ಅಂತ ಕೇಳ್ತಾರೆ."

ನಾನು ಮೂರನೆಯ ಚೌಕವನ್ನು ಪೆನ್ನಿನಲ್ಲಿ ತೋರಿಸಿದೆ. "ಇದು. ಸಪರೇಟೆಡ್."

"ಅದು ಕೆನೆ ತೆಗೆದ ಹಾಲಿಗೆ ಅನ್ನೋದಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಒಟ್ಟಿಗೆ ನಕ್ಕು ಎಷ್ಟೋ ವರ್ಷವಾಗಿತ್ತು. ಅದರ ಅರ್ಥ ವಿವರಿಸಿದೆ, ವಿಚ್ಛೇದನ ಆಗಿಲ್ಲ, ಆದರೆ ಸಂಸಾರವೂ ಇಲ್ಲ, ಬೇರೆ ಬೇರೆ ಇದ್ದಾರೆ. ಅವರು ಸ್ವಲ್ಪ ಹೊತ್ತು ಆ ಚೌಕವನ್ನೇ ನೋಡಿದರು. "ನಮ್ಮಂಥವ್ರಿಗೂ ಒಂದು ಜಾಗ ಇಟ್ಟವ್ರೆ" ಎಂದರು.

ಗುರುತು ಹಾಕಿದೆ. ಕಷ್ಟ ಬಂದದ್ದು ಅದರ ಕೆಳಗಿನ ಸಾಲಿನಲ್ಲಿ. ಯಾವ ದಿನದಿಂದ ಬೇರೆಯಾಗಿದ್ದೀರಿ, ತಾರೀಖು ಬರೆಯಿರಿ ಎಂದಿತ್ತು.

"ಶಾಲೆ ಶುರುವಾದ ದಿನ ಹಾಕಿ. ಜೂನ್ ಒಂದು. ಅವತ್ತೇ ಈ ಮನೆಗೆ ಬಂದಿದ್ದು" ಎಂದೆ.

"ಅವತ್ತಲ್ಲ."

"ಮತ್ತೆ ಯಾವತ್ತು?"

ಅವರು ಚಾಪೆಯ ಅಂಚು ಕೀಳತೊಡಗಿದರು. ನನಗೆ ಹಳೆಯ ಸಿಟ್ಟು ನೆತ್ತಿಗೇರಿತು. "ನೋಡಿ, ಇದಕ್ಕೇ ನಾನು ಮನೆ ಬಿಟ್ಟು ಬಂದಿದ್ದು! ಬಾಯಿಬಿಟ್ಟು ಹೇಳಿ!"

"ಗೌರಿ ಹಬ್ಬದ ದಿನ" ಎಂದರು. "ಆ ವರ್ಷ ಹಬ್ಬಕ್ಕೆ ಬರ್ತೀಯ ಅಂದ್ಕೊಂಡಿದ್ದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಮೂರು ಬಸ್ ನೋಡ್ದೆ. ಆಮೇಲೆ ಹಸುಗೆ ಹೊತ್ತಾಯ್ತು ಅಂತ ಬಂದ್ಬಿಟ್ಟೆ. ಅಲ್ಲೀತಂಕ ನಾವು ಬೇರೆ ಅಂತ ನನಗೆ ಅನ್ಸಿರ್ಲಿಲ್ಲ."

ಆ ಹಬ್ಬದ ದಿನ ನಾನು ಇದೇ ಮನೆಯಲ್ಲಿ, ಅವರು ಒಂದು ಫೋನಾದರೂ ಮಾಡಲಿಲ್ಲವಲ್ಲ ಎಂದು ಮೂಗು ಒರೆಸಿಕೊಂಡು ಕೂತಿದ್ದೆ. ಅದನ್ನು ಹೇಳಿದೆ. ಅವರು ತಲೆಯಾಡಿಸಿದರು, ಹೇಳಬೇಕಾಗಿತ್ತು ಎಂಬಂತೆ. ಯಾರು ಹೇಳಬೇಕಾಗಿತ್ತೋ, ಇಬ್ಬರಿಗೂ ಗೊತ್ತಾಗಲಿಲ್ಲ. ಗೋಡೆಯ ಮೇಲಿದ್ದದ್ದು ಈ ವರ್ಷದ ಕ್ಯಾಲೆಂಡರು. ಪಕ್ಕದ ಮನೆಯ ಅಜ್ಜಿಯ ಹತ್ತಿರ ಹಳೆಯ ಪಂಚಾಂಗಗಳ ಕಟ್ಟೇ ಇತ್ತು. ಇಸಿದುಕೊಂಡು ಬಂದು ಆ ವರ್ಷದ ಭಾದ್ರಪದ ತದಿಗೆ ಯಾವ ತಾರೀಖಿಗೆ ಬಿದ್ದಿತ್ತೆಂದು ಹುಡುಕಿ, ಅವರು ಹೇಳಿದ ದಿನವನ್ನೇ ಬರೆದೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಅದು ಬೇರೆಯಾದದ್ದು ಹೇಗೆ?

ಅವರು ತಂದ ಹಾಲಿನಲ್ಲೇ ಕಾಫಿ ಮಾಡಿಕೊಟ್ಟೆ. ಕುಡಿದು, "ಚೆನ್ನಾಗೈತೆ" ಎಂದರು. ಆರು ವರ್ಷದ ಸಂಸಾರದಲ್ಲಿ ಕೇಳದ ಮಾತು.

ಅರ್ಜಿ ಹೋಗಿ ಒಂದೆರಡು ತಿಂಗಳಿಗೆ ವೀಸಾ ಕಚೇರಿಯಿಂದ ಪತ್ರ ಬಂತು. ಬೇರೆಯಾಗಿರುವುದಕ್ಕೆ ಇಬ್ಬರೂ ಪ್ರಮಾಣಪತ್ರ ಕೊಡಬೇಕು. ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು, ಅಲ್ಲಿನ ಕೋರ್ಟಿನ ಹತ್ತಿರ ಬರೆಸುವುದೆಂದು ಮಾತಾಯಿತು. ನಾನು ಗೌರಿಬಿದನೂರಿನ ಬಸ್ಸಿನಲ್ಲಿ ಬಂದಿಳಿದರೆ, ಶಿಡ್ಲಘಟ್ಟದ ಬಸ್ಸಿನಿಂದ ಅವರು ಇಳಿದರು, ಅವರ ಹಿಂದೆ ಅತ್ತೆ. ಅತ್ತೆಯ ತೌರು ಮುರುಗಮಲ್ಲದ ಹತ್ತಿರ, ಗಾಬರಿಯಾದರೆ ತೆಲುಗು ಬರುತ್ತಿತ್ತು. ನನ್ನನ್ನು ಕಂಡದ್ದೇ ಕೆನ್ನೆ ಸವರಿ, "ಇದೇಮಿ ಚೋದ್ಯಮಮ್ಮಾ! ಕೂಡಿ ಬಾಳ್ತೀವಿ ಅಂತ ಕಾಗದ ಬರ್ಸೋರನ್ನ ನೋಡಿದ್ದೀನಿ, ಬೇರೆ ಇದ್ದೀವಿ ಅಂತ ಜೊತೇಲಿ ಹೋಗಿ ಬರ್ಸೋದಾ?" ಎಂದರು.

ಕೋರ್ಟಿನ ಮುಂದೆ ಮರದ ಕೆಳಗೆ ಟೈಪು ಮಾಡುವವರೊಬ್ಬರು ಕೂತಿದ್ದರು. ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಅತ್ತೆ ಚೀಲದಿಂದ ಕಡಲೆಕಾಯಿ ತೆಗೆದು ಹಂಚಿದರು. ಟೈಪಿನವರು ನಮ್ಮನ್ನು ಮೇಲೂ ಕೆಳಗೂ ನೋಡಿದರು.

"ಬೇರೆ ಇರೋರು ಯಾರು?"

"ನಾವೇ" ಎಂದೆವು.

"ಏನಮ್ಮಾ, ಕಡ್ಲೆಕಾಯಿ ತಿನ್ಕೊಂಡು ನಗ್ತಾ ಬಂದವ್ರನ್ನ ಬೇರೆ ಅಂತ ಹೆಂಗೆ ಟೈಪ್ ಮಾಡ್ಲಿ? ಸ್ವಲ್ಪ ಜಗಳ ಆದ್ರೂ ಆಡಿ. ಸರಿ, ಕಾರಣ?"

ಇವರು ನನ್ನ ಮುಖ ನೋಡಿದರು. "ನನ್ನ ಮಾತು ಜಾಸ್ತಿ, ಇವರದು ಕಮ್ಮಿ" ಎಂದೆ.

"ಅಭಿಪ್ರಾಯಭೇದ ಅಂತ ಹಾಕ್ತೀನಿ. ಎಲ್ರಿಗೂ ಅದೇ ಹಾಕೋದು."

ಅತ್ತೆ ಟೈಪಿನವರ ಮೇಜಿನ ಮೇಲೆ ಒಂದು ಹಿಡಿ ಕಡಲೆಕಾಯಿ ಇಟ್ಟು ಮೆಲ್ಲಗೆ ಕೇಳಿದರು, "ಬೇರೆ ಅಂತ ಬೇಡಪ್ಪಾ. ದೂರ ಅಂತ ಬರೀತೀಯಾ?"

"ದೂರಕ್ಕೆ ಕಾನೂನಿಲ್ಲಮ್ಮಾ" ಎಂದು ಅವರು ಸಿಪ್ಪೆ ಬಿಡಿಸಿದರು.

ಪ್ರಮಾಣಪತ್ರವೂ ಸಾಲಲಿಲ್ಲ. ಒಂದು ದಿನ ಮಧ್ಯಾಹ್ನ ಪಾಠ ಮಾಡುವಾಗ ಮೊಬೈಲು ಬಡಿದುಕೊಂಡಿತು. ವೀಸಾ ಕಚೇರಿಯ ಹೆಂಗಸು, ಇಂಗ್ಲಿಷಿನಲ್ಲಿ. ವರಾಂಡಕ್ಕೆ ಓಡಿದೆ. ನಲವತ್ತೆರಡು ಮಕ್ಕಳು ಎಂದೂ ಇಲ್ಲದಷ್ಟು ನಿಶ್ಶಬ್ದವಾದರು.

ಗಂಡನನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂದು ಆಕೆ ಕೇಳಿದರು.

"ಮೊನ್ನೆ ಶನಿವಾರ" ಎಂದೆ. "ಅವರ ತಾಯಿ ನನಗೆ ಅವರೆಕಾಯಿ ಕೊಟ್ಟು ಕಳಿಸಿದ್ದರು."

ಕೆಲಸ ಕೆಡಿಸಿದೆನೆಂದು ಹೇಳಿದ ಮೇಲೆ ಹೊಳೆಯಿತು. ಇನ್ನು ಮುಚ್ಚಿಡುವುದೇನೆಂದು ಹೇಳಿಬಿಟ್ಟೆ, "ಮೇಡಂ, ನಾವು ಬೇರೆ ಇರುವುದು ನಿಜ. ಅರ್ಜಿಯಲ್ಲಿ ಬರೆದ ತಾರೀಖಿನಿಂದ ಈಚೆಗೆ ಒಂದು ದಿನವೂ ಒಂದೇ ಸೂರಿನಡಿ ಮಲಗಿಲ್ಲ. ಆದರೆ ಗಂಡ ಹೆಂಡತಿ ಬೇರೆಯಾದರೆ ಅತ್ತೆ ಸೊಸೆಯೂ ಬೇರೆಯಾಗಬೇಕೆಂದು ನಮ್ಮ ಕಡೆ ನಿಯಮವಿಲ್ಲ."

ಆಕೆ ನಕ್ಕರು. ಗಂಡ ಹೋಗುವುದಕ್ಕೆ ನಿಮ್ಮ ಆಕ್ಷೇಪ ಇದೆಯೇ ಎಂಬುದು ಕಡೆಯ ಪ್ರಶ್ನೆ. "ಇಲ್ಲ. ಹಸುಗಳನ್ನು ಅವರಷ್ಟು ಚೆನ್ನಾಗಿ ನೋಡುವವರನ್ನು ನಾನು ಕಂಡಿಲ್ಲ" ಎಂದೆ. ತರಗತಿಗೆ ವಾಪಸು ಹೋದಾಗ ಮುಂದಿನ ಬೆಂಚಿನ ಹುಡುಗಿ, "ಮಿಸ್, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡಿದ್ರಿ!" ಎಂದಳು. ಪುಣ್ಯಕ್ಕೆ ಅರ್ಥವಾಗಿದ್ದು ಅಷ್ಟೇ.

ವೀಸಾ ಬಂತು, ಅವರು ಹೋದರು. ಅಲ್ಲಿಂದ ಮಾಡಿದ ಮೊದಲ ಫೋನು ಇಪ್ಪತ್ತು ನಿಮಿಷ ನಡೆಯಿತು. ನಾಲ್ಕು ನೂರು ಹಸುಗಳಂತೆ, ಒಂದಕ್ಕೂ ಹೆಸರಿಲ್ಲವಂತೆ, ಕಿವಿಯಲ್ಲಿ ನಂಬರು ಮಾತ್ರ. ಇವರು ಗುಟ್ಟಾಗಿ ಹೆಸರಿಡಲು ಶುರು ಮಾಡಿದ್ದರು. "ಒಂದಕ್ಕೆ ನಿನ್ನ ಹೆಸರಿಟ್ಟಿದ್ದೀನಿ. ಹಾಲು ಕರಿಯೋವಾಗ ಸುಮ್ನಿರಲ್ಲ, ಬಾಯಿ ಮಾಡ್ತಾನೇ ಇರುತ್ತೆ. ಹಾಲು ಮಾತ್ರ ಎಲ್ಲಕ್ಕಿಂತ ಜಾಸ್ತಿ." ಇದನ್ನು ಬೈಗುಳ ಅನ್ನಲೋ ಹೊಗಳಿಕೆ ಅನ್ನಲೋ ತಿಳಿಯದೆ ಇಡೀ ದಿನ ನಗುತ್ತಿದ್ದೆ.

ಎರಡು ವರ್ಷದ ಮೇಲೆ ರಜೆಗೆ ಬಂದಾಗ ಅವರೇ ಮಾತು ತೆಗೆದರು, ಕಾಗದದಲ್ಲೂ ಮುಗಿಸಿಕೊಳ್ಳೋಣವೇ ಎಂದು. ಮತ್ತೆ ಕೂಡುವುದನ್ನು ಇಬ್ಬರೂ ಯೋಚಿಸಿದ್ದೆವು, ಸುಳ್ಳೇಕೆ? ಆದರೆ ಸಾವಿರಾರು ಮೈಲಿ ನಡುವೆ ಇದ್ದಾಗ ಹುಟ್ಟಿದ ಸ್ನೇಹ ಒಂದೇ ಅಡುಗೆಮನೆಯಲ್ಲಿ ಉಳಿಯುತ್ತದೆಂಬ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಪ್ಪಿಕೊಂಡು ಅರ್ಜಿ ಹಾಕಿದೆವು. ಮುಗಿದ ದಿನ ಸಂಜೆ ನಾನು ಅಕ್ಕಿ ತೊಳೆಯುತ್ತಾ ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು, ಎರಡು ಸಲ ಬಡಿಸಿಕೊಂಡು ಉಂಡೆ.

ಮುಂದೆ ಅವರು ಚಿಂತಾಮಣಿ ಕಡೆಯ ಹುಡುಗಿಯನ್ನು ಮದುವೆಯಾಗಿ ಅಲ್ಲಿಗೇ ಕರೆದುಕೊಂಡು ಹೋದರು. ನಾನು ಸಾಲ ತೆಗೆದು ಗೌರಿಬಿದನೂರಿನಲ್ಲೇ ಎರಡು ಕೋಣೆಯ ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ಅತ್ತೆ ಹಿಂದಿನ ದಿನವೇ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಯವರ ನೆತ್ತಿಯ ಮೇಲೆ ನಿಂತರು. ಎಂಬತ್ತು ಜನಕ್ಕೆ ಹೇಳಿದ್ದೆ, ನೂರಿಪ್ಪತ್ತು ಜನ ಬಂದರು. ನಾನು ಕಂಗಾಲಾದೆ. ಅತ್ತೆ ಮಾತ್ರ ಅಲುಗಲಿಲ್ಲ. "ಸಾರಿಗೆ ಇನ್ನೊಂದು ಬಿಂದಿಗೆ ನೀರು ಬಿಡ್ರಪ್ಪಾ, ಒಳ್ಳೇ ಖಾರ ಹಾಕಿ" ಎಂದರು. ಊಟ ಬಹಳ ಚೆನ್ನಾಗಿತ್ತೆಂದು ಎಲ್ಲರೂ ಹೇಳಿಹೋದರು.